ಬರ್ರಿ ಅಂದದ್ದು ಯಾರಿಗೆ

‘ರಿ’ ಹಚ್ಚದೆ ಮಾತಾಡುವವರಿಗೆ ನಮ್ಮ ಕಂಪನಿಯಲ್ಲಿ ಜಾಗವಿಲ್ಲ ಎಂದು ಸಾಹುಕಾರರು ಹೇಳಿದಾಗ ನಾನು ಮೋಟಾರಿನ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದೆ. ತಲೆ ಹೊರಗೆ ತೆಗೆಯಲಿಲ್ಲ. ಹೊಸ ಮಾಲಕರು ಹೊಸದರಲ್ಲಿ ಇಂಥ ಮಾತು ಆಡುತ್ತಾರೆ, ನಾಲ್ಕು ದಿನ ಹೋದರೆ ತಾವೇ ಮರೆಯುತ್ತಾರೆ ಅಂದುಕೊಂಡೆ. ಇವರು ಮರೆಯುವ ಪೈಕಿ ಅಲ್ಲ ಅಂತ ಆಗ ನನಗೆ ಗೊತ್ತಿರಲಿಲ್ಲ.

ಯುದ್ಧದ ಕಾಲ ಅದು. ಶಿಗ್ಗಾಂವದಲ್ಲಿ ಕಾಳಿನ ಅಡತಿ ಅಂಗಡಿ ಇಟ್ಟಿದ್ದ ಸಾಹುಕಾರರು ಹಾನಗಲ್ಲ ಕಡೆಯ ಜಮೀನ್ದಾರರೊಬ್ಬರನ್ನು ಪಾಲಿಗೆ ಸೇರಿಸಿಕೊಂಡು, ಹಳೆಯದೊಂದು ಮೋಟಾರು ಕೊಂಡು ಸರ್ವಿಸ್ ಶುರು ಮಾಡಿದ್ದರು. ಮುಂಜಾನೆ ಶಿಗ್ಗಾಂವದಿಂದ ಹಾನಗಲ್ಲಿಗೆ, ತಿರುಗಿ ಬಂದು ಮಧ್ಯಾಹ್ನದ ಮೇಲೆ ಸವಣೂರಿಗೆ. ಹುಲಗೂರಿನ ದರ್ಗಾಕ್ಕೆ ಹೋಗುವ ಮಂದಿ ಕೂಡಿದರೆ ಆ ಕಡೆಗೂ ಒಂದು ಟ್ರಿಪ್ಪು. ಡ್ರೈವರ್ ನಾನು. ನನ್ನ ಜೊತೆಗೆ ಒಬ್ಬ ಕಂಡಕ್ಟರ್, ಒಬ್ಬ ಕ್ಲೀನರ್. ಕಂಪನಿ ಅಂತ ಅಂದರೆ ಇಷ್ಟೇ. ಅದೇ ದಾರಿಯಲ್ಲಿ ಬೇರೊಬ್ಬರ ಸರ್ವಿಸ್ ಮೊದಲೇ ಇತ್ತು. ಅವರ ಗಾಡಿ ನಮ್ಮದಕ್ಕಿಂತ ಚಲೋ ಇತ್ತು, ಸುಳ್ಳು ಯಾಕೆ ಹೇಳಲಿ.

“ಅವರ ಗಾಡ್ಯಾಗ ನಮ್ಮ ಅಕ್ಕನ್ನ ಹತ್ತಿಸಿದ್ದೆ,” ಅಂದರು ಸಾಹುಕಾರರು. “ಕಂಡಕ್ಟರ ‘ಏ, ಹತ್ತ ಲಗೂನ, ಏನ್ ಬಾಯಿ ತಕ್ಕೊಂಡು ನಿಂತಿ’ ಅಂದ. ಅಕ್ಕ ಮೆಟ್ಟಲದ ಮ್ಯಾಲಿಂದ ಇಳದು ನಡಕೋಂತ ಮನಿಗೆ ಬಂದ್ಲು. ನಮ್ಮ ಗಾಡಿ ಹಳೇದು ಅಂತ ನನಗೂ ಗೊತ್ತೈತಿ. ನಮ್ಮ ಕಡೆ ಹೊಸಾದು ಅಂತ ಇರೋದು ಬಾಯಿ ಒಂದ. ಹತ್ತೋರಿಗೆ ರಿ, ಇಳಿಯೋರಿಗೆ ರಿ, ನಿಮ್ಮ ನಿಮ್ಮೊಳಗೂ ರಿ. ಯಾವ ಓಣಿಯವರು ಅಂತ ನೋಡಬ್ಯಾಡ್ರಿ. ಇದು ಕಂಪನಿ ರಿವಾಜು.”

ಪಾಲುದಾರರು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು. ನಕ್ಕುಬಿಟ್ಟರು. “ಹೊಲದ ಆಳಿಗೂ ರಿ ಹಚ್ಚಿದ್ರ ನಾಳೆ ಅಂವ ನಮ್ಮ ಬಾಜೂಕ ಬಂದು ಕುಂದರ್ತಾನ, ಸಾಹುಕಾರ್ರ.”

“ಟಿಕೀಟ್ ತಗೊಂಡ್ರ ಕುಂದರ್ಲಿ ಬಿಡ್ರಿ,” ಅಂದರು ಸಾಹುಕಾರರು.

ನಮ್ಮ ಕಡೆ ‘ಬಾ’ ಅಂದರೆ ಸಲುಗೆ, ‘ಬಾರಲೇ’ ಅಂದರೆ ಆಳು, ‘ಬರ್ರಿ’ ಅಂದರೆ ಮರ್ಯಾದೆ. ಯಾರಿಗೆ ಯಾವುದು ಅನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ, ಮೈ ನೋಡಿ, ಬಟ್ಟೆ ನೋಡಿ ನಾಲಗೆ ತಾನೇ ತಿರುಗುತ್ತದೆ. ಅದನ್ನು ತಿರುಗದ ಹಾಗೆ ಹಿಡಿಯುವುದು ಸ್ಟೇರಿಂಗ್ ಹಿಡಿದಷ್ಟು ಸುಲಭವಲ್ಲ. ಕಂಡಕ್ಟರ್ ಮೊದಮೊದಲು ಎರಡನ್ನೂ ಕಲಸಿ “ಇಳೀರ್ರಿಲೇ” ಅನ್ನುತ್ತಿದ್ದ. ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗಂತೂ ಸಿಟ್ಟೇ ಬರುತ್ತಿತ್ತು. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಬೈಗುಳ ತಿಂದು, ಬೈಗುಳ ಕೊಟ್ಟು ಕೆಲಸ ಕಲಿತವನು ನಾನು. ನಟ್ಟು ಬಿಚ್ಚುವ ಪಾನಾ ಬೇಕಾದರೆ “ಪಾನಾ ಕೊಡ್ರಿ” ಅನ್ನುವಷ್ಟರಲ್ಲಿ ಅದನ್ನು ಮರೆತೇ ಹೋಗುವ ಹಾಗೆ ಆಗುತ್ತಿತ್ತು.

ಕ್ಲೀನರ್ ಹತ್ತಿಮತ್ತೂರಿನವನು. ಕ್ಲೀನರ್ ಅಂದರೆ ಹುಡುಗ ಅಂತ ತಿಳಿಯಬೇಡಿ. ನನಗಿಂತ ಹಿರಿಯ, ಕಿವಿಯ ಹತ್ತಿರ ಕೂದಲು ನರೆತಿತ್ತು. ಅವರಿವರ ಚಕ್ಕಡಿ ಹೊಡೆದುಕೊಂಡಿದ್ದು, ಯುದ್ಧದ ಬೆಲೆಯೇರಿಕೆಯ ಗದ್ದಲದಲ್ಲಿ ಆ ಕೆಲಸ ಹೋಗಿ ಇಲ್ಲಿಗೆ ಬಂದಿದ್ದ. ಊರ ಹೊರಗಿನ ಓಣಿಯವನು. ನಾನು ಮೊದಲ ಸಲ ಅವನಿಗೆ “ನೀರು ತರ್ರಿ” ಅಂದಾಗ ಅವನು ಹಿಂದಕ್ಕೆ ತಿರುಗಿ ನೋಡಿದ. ಬೆನ್ನ ಹಿಂದೆ ಯಾರೋ ದೊಡ್ಡವರು ನಿಂತಿದ್ದಾರೆ, ಅವರಿಗೆ ಹೇಳುತ್ತಿದ್ದಾನೆ ಅಂತ ಅವನ ಎಣಿಕೆ. “ನಿಮಗ ಹೇಳಾಕತ್ತೇನಿ,” ಅಂದೆ. ಕೊಡ ತೆಗೆದುಕೊಂಡು ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡು ಬಂದಿದ್ದ.

ಅವತ್ತಿನಿಂದ ಆ ರಿವಾಜು ನಮ್ಮೆಲ್ಲರಿಗಿಂತ ಅವನಿಗೇ ಚೆನ್ನಾಗಿ ಹತ್ತಿತು. ಅವನ ಬಾಯಲ್ಲಿ ರಿ ಬಿಟ್ಟು ಒಂದು ಮಾತು ಬರುತ್ತಿರಲಿಲ್ಲ. ಗಾಡಿಗೆ ಅಡ್ಡ ಬಂದ ಎಮ್ಮೆಗೂ “ಸರೀರಿ” ಅನ್ನುತ್ತಾನೆ ಅಂತ ಕಂಡಕ್ಟರ್ ಚಾಷ್ಟಿ ಮಾಡುತ್ತಿದ್ದ. ಮಂದಿ ನಮ್ಮ ಗಾಡಿಗೆ ‘ರೀ ಮೋಟಾರು’ ಅಂತ ಹೆಸರಿಟ್ಟರು. ಮೊದಲು ಗೇಲಿಗೆ, ಆಮೇಲೆ ನಿಜಕ್ಕೂ. ಸಂತೆಯ ಹೆಣ್ಣುಮಕ್ಕಳು ಬೇರೆ ಗಾಡಿ ಬಿಟ್ಟು ಇದಕ್ಕಾಗಿ ಕಾಯತೊಡಗಿದರು. ಸಾಹುಕಾರರ ಮುಖದ ಮೇಲೆ ಆಗ ಒಂದು ಕಳೆ ಇತ್ತು. ಪಾಲುದಾರರೂ ಸುಮ್ಮನಾದರು.

ಅಷ್ಟರಲ್ಲಿ ಪೆಟ್ರೋಲು ಸಿಗದ ಹಾಗಾಯಿತು. ಎಲ್ಲರ ಹಾಗೆ ನಾವೂ ಗಾಡಿಗೆ ಇದ್ದಿಲ ಗ್ಯಾಸಿನ ಡ್ರಮ್ಮು ಕೂಡಿಸಿದೆವು. ಅದನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಗಾಡಿಯ ಹಿಂದೆ, ಎಡ ಮೂಲೆಗೆ, ಆಳೆತ್ತರದ ಕಬ್ಬಿಣದ ಡ್ರಮ್ಮು. ಮೇಲಿನಿಂದ ಇದ್ದಿಲು ತುಂಬಿ, ಕೆಳಗಿನ ಬಾಯಿಗೆ ಎಣ್ಣೆಯ ಚಿಂದಿ ಹಚ್ಚಿ, ಕೈಯಿಂದ ಫ್ಯಾನು ತಿರುವಬೇಕು. ಮೊದಲು ಹಳದಿ ಹೊಗೆ, ಆಮೇಲೆ ಬಿಳಿ ಹೊಗೆ, ಆಮೇಲೆ ಏನೂ ಕಾಣುವುದಿಲ್ಲ. ಆಗ ನಳಿಕೆಯ ಬಾಯಿಗೆ ಕಡ್ಡಿ ಗೀರಿ ಹಿಡಿದರೆ ನೀಲಿ ಉರಿ ನಿಲ್ಲಬೇಕು. ನಿಂತರೆ ಗ್ಯಾಸು ತಯಾರು. ಬಟ್ಟೆಯ ಜಾಳಿಗೆಯಲ್ಲಿ ಸೋಸಿ ಅದು ಇಂಜಿನ್ನಿಗೆ ಬರುತ್ತದೆ. ದಿನಾ ಆ ಬಟ್ಟೆ ಜಾಡಿಸದಿದ್ದರೆ ಇಂಜಿನ್ನು ಕೆಮ್ಮುತ್ತದೆ. ಏರು ಬಂದರೆ ಮಂದಿ ಇಳಿದು ನೂಕಬೇಕು. ಈ ಎಲ್ಲ ಕೆಲಸ ಕ್ಲೀನರನದು. ಅವನ ಹುಬ್ಬು ಒಂದು ಕಡೆ ಸುಟ್ಟು ಹೋಗಿತ್ತು, ಮತ್ತೆ ಬರಲಿಲ್ಲ.

ಡ್ರಮ್ಮಿನಿಂದ ನನಗೆ ಆದ ತೊಂದರೆ ಬೇರೆ. ಅದು ಕೂತ ಮೇಲೆ ಗಾಡಿಯ ಹಿಂದಿನ ಎಡ ಭಾಗ ನನಗೆ ಕಾಣುತ್ತಲೇ ಇರಲಿಲ್ಲ. ಬಲಗಡೆ ಒಂದು ಚಿಕ್ಕ ಕನ್ನಡಿ, ಅಷ್ಟೇ. ಗಾಡಿ ಹಿಂದಕ್ಕೆ ತೆಗೆಯಬೇಕಾದರೆ ಕ್ಲೀನರ್ ಹಿಂದೆ ನಿಂತು ಕೂಗಬೇಕು, ಆ ದನಿಯ ಮೇಲೆ ನಾನು ಗಾಡಿ ಬಿಡಬೇಕು. ಮೋಟಾರ್ ಲೈನಿನಲ್ಲಿ ಎಲ್ಲ ಕ್ಲೀನರುಗಳೂ “ಬಾ ಬಾ ಬಾ” ಅನ್ನುತ್ತಾರೆ. ಡ್ರೈವರ್ ದೊಡ್ಡವನೇ ಇರಲಿ, ಆ ಹೊತ್ತಿಗೆ ‘ಬಾ’ ನಡೆಯುತ್ತದೆ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ನಮ್ಮ ಕ್ಲೀನರ್ ಮಾತ್ರ “ಬರ್ರಿ, ಬರ್ರಿ, ಬರ್ರಿ” ಅನ್ನುತ್ತಿದ್ದ. ರಿವಾಜು ಅಂದರೆ ರಿವಾಜು. ಸಾಹುಕಾರರು ಅದನ್ನು ಕೇಳಿ ಒಮ್ಮೆ ಅಂಗಡಿಯ ಕಟ್ಟೆಯ ಮೇಲಿಂದಲೇ ಶಾಬಾಸ್ ಅಂದಿದ್ದರು.

ಹಾನಗಲ್ಲಿನಲ್ಲಿ ಗಾಡಿ ತಿರುಗಿಸುವ ಜಾಗ ಇಕ್ಕಟ್ಟು. ಹುಣಸೆ ಮರದ ಕೆಳಗೆ ಮಂದಿಯನ್ನು ಇಳಿಸಿ, ಗಾಡಿಯನ್ನು ಹಿಂದಕ್ಕೆ ಓಣಿಯೊಳಗೆ ಬಿಟ್ಟು, ಮತ್ತೆ ಮುಂದಕ್ಕೆ ತೆಗೆಯಬೇಕು. ಓಣಿಯ ಬಲಗಡೆಗೆ ಗಟಾರ. ಚಕ್ರ ಗಟಾರಕ್ಕೆ ಬೀಳದ ಹಾಗೆ ನೋಡಿಕೊಳ್ಳುವುದೇ ಮುಖ್ಯವಾದ್ದರಿಂದ ಕ್ಲೀನರ್ ಬಲಗಡೆ ನಿಲ್ಲುತ್ತಿದ್ದ, ಕಣ್ಣು ಚಕ್ರದ ಮೇಲೆ. ಆ ದಿನವೂ ಹಾಗೇ ನಿಂತಿದ್ದ. “ಬರ್ರಿ” ಅಂದ, ಬಿಟ್ಟೆ. “ಬರ್ರಿ, ಬರ್ರಿ” ಅಂದ, ಬಿಟ್ಟೆ. ಇಂಜಿನ್ನಿನ ಸದ್ದಿನಲ್ಲೂ ಅವನ ದನಿ ಸ್ವಚ್ಛ ಕೇಳುತ್ತಿತ್ತು. ಆಮೇಲೆ ಬೇರೆ ಯಾರೋ ಕೂಗಿದರು. ಕಾಲು ತಾನೇ ಬ್ರೇಕು ಒತ್ತಿತು. ಒತ್ತುವುದಕ್ಕೆ ಮೊದಲೇ ಆಗುವುದು ಆಗಿಹೋಗಿತ್ತು.

ಎಲಿ ಅಜ್ಜಿ. ಸವಣೂರಿನಿಂದ ವೀಳ್ಯದೆಲೆ ತಂದು ಹಾನಗಲ್ಲಿನಲ್ಲಿ ಮಾರುವವಳು, ನಮ್ಮ ಗಾಡಿಯ ಕಾಯಂ ಗಿರಾಕಿ. ಹಿಂದಿನ ದಿನ ತಂದ ಎಲೆ ಬಹುಮಟ್ಟಿಗೆ ಮಾರಿ ತಿರುಗಿ ಹೋಗಲು ಬಂದಿದ್ದಳು. ಡ್ರಮ್ಮು ತಾಗಿ ಬಿದ್ದಳು, ಚಕ್ರ ಪಾದದ ಮೇಲೆ ಹೋಯಿತು. ನಾನು ಇಳಿದು ನೋಡಿದೆ. ನೋಡಿದೆ ಅಷ್ಟೇ, ನನಗೆ ಏನೂ ಅನಿಸಲಿಲ್ಲ. ಮೈಗೆಲ್ಲ ಜೋಮು ಹಿಡಿದ ಹಾಗಿತ್ತು. ಉಳಿದ ನಾಲ್ಕು ಎಲೆ ಧೂಳಿನಲ್ಲಿ ಬಿದ್ದಿದ್ದವು. ಕ್ಲೀನರ್ ಅವಳನ್ನು ಎತ್ತಿಕೊಂಡಿದ್ದ, ಅವನ ಬಾಯಿ ತೆರೆದೇ ಇತ್ತು, ಸದ್ದು ಮಾತ್ರ ಬರುತ್ತಿರಲಿಲ್ಲ. ನಾನು ಎಲೆಗಳನ್ನು ಆರಿಸಿ, ಧೂಳು ಒರೆಸಿ, ಬುಟ್ಟಿಗೆ ಹಾಕಿದೆ. ಅದನ್ನು ಯಾಕೆ ಮಾಡಿದೆನೋ ಗೊತ್ತಿಲ್ಲ.

ದವಾಖಾನೆಯಲ್ಲಿ ಪಾದ ತೆಗೆದರು. ಜೀವ ಉಳಿಯಿತು.

ಪೊಲೀಸ್ ಠಾಣೆಯ ಫೌಜುದಾರರು ದವಾಖಾನೆಗೆ ಬಂದು ಅಜ್ಜಿಯ ಹೇಳಿಕೆ ತೆಗೆದುಕೊಂಡಾಗ ನಾನು ಬಾಗಿಲಲ್ಲಿದ್ದೆ. ಗಾಡಿ ಹಿಂದಕ್ಕೆ ಬರುವಾಗ ಅಲ್ಲಿಗೆ ಯಾಕೆ ಹೋದೆ ಅಂತ ಕೇಳಿದರು. ಅಜ್ಜಿ ತಡಮಾಡದೆ ಹೇಳಿದಳು.

“ಬರ್ರಿ ಅಂದ್ರು, ಬಂದೆ.”

“ಯಾರು ಅಂದ್ರು?”

“ಆ ಕ್ಲೀನರಪ್ಪ. ದಿನಾ ಹಂಗ ಅಂತಾನ. ಬರ್ರಿ ಅಂದು ಬುಟ್ಟಿ ಹಿಡೀತಾನ. ಅವತ್ತೂ ಬರ್ರಿ ಅಂದ.”

ಅವಳು ದೂರು ಹೇಳಿದ್ದಲ್ಲ. ದನಿಯಲ್ಲಿ ಅಭಿಮಾನವೇ ಇತ್ತು. ಆದರೆ ಆ ಮಾತು ಕ್ಲೀನರನ ಕೊರಳಿಗೆ ಸುತ್ತಿಕೊಂಡಿತು. ಗಾಡಿ ಹಿಂದಕ್ಕೆ ಬರುತ್ತಿರುವಾಗ ಇವನು ಮುದುಕಿಯನ್ನು ಕೈಮಾಡಿ ಕರೆದ ಅಂತ ಅರ್ಥವಾಯಿತು. ಅವಳಿಗಲ್ಲ, ನನಗೆ ಬರ್ರಿ ಅಂದದ್ದು ಅಂತ ಅವನು ಹೇಳಿದರೆ ಫೌಜುದಾರರು ಗದರಿದರು. “ಯಾವ ಕ್ಲೀನರಲೇ ಡ್ರೈವರಗ ಬರ್ರಿ ಅನ್ನಾಂವ? ನಾನೇನು ಮೋಟಾರು ಕಂಡಿಲ್ಲೇನು? ಬಾ ಬಾ ಅಂತಾರ.” ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಗಾಡಿಯೊಂದನ್ನು ಬಿಟ್ಟು ಎಲ್ಲ ಕಡೆಗೂ ಹಾಗೇ ಅನ್ನುತ್ತಿದ್ದರು. ಕ್ಲೀನರನನ್ನು ಠಾಣೆಯಲ್ಲಿ ಕೂಡಿಸಿದರು. ನನ್ನ ಹೇಳಿಕೆ ಆಗುವ ತನಕ ಅಂದರು. ಅದು ಆದ ಮೇಲೆ ಬಿಡುತ್ತಾರೋ, ಕೋರ್ಟಿಗೆ ಒಯ್ಯುತ್ತಾರೋ ಅನ್ನುವುದು ನಾನು ಏನು ಹೇಳುತ್ತೇನೆ ಅನ್ನುವುದರ ಮೇಲೆ ನಿಂತಿತ್ತು.

ಶಿಗ್ಗಾಂವದ ಅಡತಿ ಅಂಗಡಿಯಲ್ಲಿ ನನ್ನನ್ನು ಕರೆಸಿದರು. ಸಾಹುಕಾರರು ಗಾದಿಯ ಮೇಲೆ ಕುಳಿತಿದ್ದರು, ತಲೆ ಎತ್ತಲಿಲ್ಲ. ಮಾತಾಡಿದವರು ಪಾಲುದಾರರು.

“ಡ್ರೈವರ್ರ, ಬರ್ರಿ, ಕುಂದರ್ರಿ.”

ಅವರು ನನಗೆ ರಿ ಹಚ್ಚಿ ಮಾತಾಡಿದ್ದು ಅದೇ ಮೊದಲು. ಕುಳಿತೆ.

“ನೋಡ್ರಿ, ಇದು ಕಂಪನಿ ರಿವಾಜು ಅಂತ ನೀವು ಅಂದ್ರ, ತಪ್ಪು ಕಂಪನೀದು ಆತು. ಪರವಾನಗಿ ಹೋಗ್ತೈತಿ. ಗಾಡಿ ಮೂಲಿಗೆ ಬೀಳ್ತೈತಿ, ನಿಮ್ಮ ಲೈಸನ್ಸಿಗೂ ಕುತ್ತು. ‘ನಮ್ಮಲ್ಲಿ ಅಂಥಾ ರಿವಾಜ ಇಲ್ಲ, ಎಲ್ಲಾರಂಗ ಅಂವ ನನಗ ಬಾ ಬಾ ಅಂದ, ಮುದುಕಿಗೆ ಬ್ಯಾರೆ ಕರದಿರಬೇಕು, ನಾ ನೋಡಿಲ್ಲ.’ ಇಷ್ಟ ಅನ್ರಿ. ಸುಳ್ಳು ಅಂತ ಯಾಕ ತಿಳೀತೀರಿ? ನಿಮಗ ಹಿಂದಿಂದು ಕಾಣೂದ ಇಲ್ಲಲ್ಲ.”

ನಾನು ಸಾಹುಕಾರರ ಕಡೆ ನೋಡಿದೆ. ಅವರು ಮುಂದಿನ ತಟ್ಟೆಯಲ್ಲಿದ್ದ ಜೋಳದ ಕಾಳನ್ನು ಬೆರಳಿನಿಂದ ಆಚೀಚೆ ಸರಿಸುತ್ತಿದ್ದರು. “ಕಂಪನಿ ಉಳೀಬೇಕಲ್ರಿ,” ಅಂದರು. ಅಷ್ಟೇ. ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ದಿನಗಳಲ್ಲಿ ನನಗೆ ಊಟದ ರುಚಿಯೂ ಗೊತ್ತಾಗುತ್ತಿರಲಿಲ್ಲ, ಉಪ್ಪು ಹಾಕಿದ್ದಾರೋ ಇಲ್ಲವೋ ಅಂತ ಹೆಂಡತಿಯನ್ನು ಕೇಳಿ ತಿಳಿಯುತ್ತಿದ್ದೆ. ಹೂಂ ಅಂದು ಎದ್ದೆ. ಹೇಳಿಕೊಟ್ಟ ಹಾಗೇ ಹೇಳಿಬಿಡುತ್ತೇನೆ ಅಂತಲೇ ಎದ್ದದ್ದು.

ಹಾನಗಲ್ಲಿನ ಠಾಣೆಗೆ ಹೋದಾಗ ಕ್ಲೀನರ್ ವರಾಂಡದ ಮೂಲೆಯಲ್ಲಿ ಮೊಣಕಾಲು ಕಟ್ಟಿಕೊಂಡು ಕುಳಿತಿದ್ದ. ನಾನು ರೂಢಿಯ ಮೇಲೆ “ಊಟ ಆತೇನ್ರಿ?” ಅಂದೆ. ಬಾಗಿಲಲ್ಲಿದ್ದ ಪೊಲೀಸಪ್ಪ ನಕ್ಕ. “ಇವನಿಗೆ ರಿ ಅಂತೀರೇನು? ಚಲೋ ಆತು.”

ಕ್ಲೀನರ್ ನಗಲಿಲ್ಲ. ನನ್ನ ಹತ್ತಿರ ಬಾಗಿ ಸಣ್ಣ ದನಿಯಲ್ಲಿ ಹೇಳಿದ. “ಡ್ರೈವರ್ ಸಾಹೇಬ್ರ, ಪಾಲುದಾರರು ಬಂದಿದ್ರು. ಎಲ್ಲಾ ಹೇಳ್ಯಾರ. ನೀವು ಅವರು ಹೇಳಿದಂಗ ಹೇಳಿಬಿಡ್ರಿ. ನಿಮ್ಮ ಲೈಸನ್ಸ್ ಉಳೀಲಿ. ನನಗೇನು, ನಾ ಮತ್ತ ಚಕ್ಕಡಿ ಹೊಡೀತೇನಿ.”

“ಕೋರ್ಟಿಗೆ ಹಾಕಿದ್ರ?”

“ಹಾಕ್ಲಿ ಬಿಡ್ರಿ.” ಮತ್ತೆ ಅಂದ, “ಒಂದ ಮಾತು ಕೇಳ್ರಿ. ನಾ ನಿಮಗ ಬಾ ಅಂದೇನಿ ಅಂತ ಹೇಳೂಮುಂದ, ಅದು ಖರೇ ಅಲ್ಲ ಅಂತ ನಿಮಗ ಗೊತ್ತಿರಲಿ. ನಾ ಯಾವತ್ತೂ ಅಂದಿಲ್ರಿ.”

ಆಗ ಸಿಟ್ಟು ಬಂತು ನೋಡಿ. ಇಷ್ಟು ದಿನ ಎಲ್ಲಿ ಸತ್ತುಬಿದ್ದಿತ್ತೋ ಗೊತ್ತಿಲ್ಲ, ಒಮ್ಮೆಲೇ ಎದ್ದು ಬಂತು. ಯಾರ ಮೇಲೆ ಅಂತಲೂ ಗೊತ್ತಾಗಲಿಲ್ಲ. ಈ ಮನುಷ್ಯನ ಹತ್ತಿರ ಇದ್ದದ್ದು ಆ ‘ಬರ್ರಿ’ ಒಂದೇ ಸಾಮಾನು, ಅದನ್ನೂ ನನ್ನ ಬಾಯಿಂದಲೇ ಕಿತ್ತುಕೊಳ್ಳಬೇಕಿತ್ತು. ಒಳಗೆ ಹೋದೆ. ಫೌಜುದಾರರ ಮುಂದೆ ನಿಂತು, ಸಾಹುಕಾರರು ಕಟ್ಟೆಯ ಮೇಲೆ ಹೇಳಿದ ಮೊದಲ ಮಾತಿನಿಂದ ಹಿಡಿದು ಬಿಡದೆ ಎಲ್ಲ ಹೇಳಿದೆ. “ನನಗ ಅಂದದ್ರಿ ಅದು. ಬರ್ರಿ ಅಂತ ನನಗ ಅಂದ್ರು, ನಾ ಗಾಡಿ ಬಿಟ್ಟೆ.”

“ಮಾಲಕರು ಹಿಂಗಲ್ಲ ಅಂತಾರಲ್ಲ?”

“ಮಾಲಕರು ಗಾಡಿ ಹೊಡೆಯಂಗಿಲ್ರಿ.”

ಫೌಜುದಾರರು ನಂಬಲಿಲ್ಲ. ಆದರೆ ಕೆಟ್ಟವರಲ್ಲ, ಹಟಮಾರಿ. “ಆತು. ಗಾಡಿ ತರ್ರಿ. ಅದ ಜಾಗಾದಾಗ, ಅವತ್ತು ಹೆಂಗ ಮಾಡಿದ್ರಿ ಹಂಗ ಮಾಡಿ ತೋರಸ್ರಿ,” ಅಂದರು.

ಮಾರನೆಯ ದಿನ ಗಾಡಿ ಒಯ್ದೆ. ಸಾಹುಕಾರರೂ ಪಾಲುದಾರರೂ ಅದರಲ್ಲೇ ಬಂದರು. ಸಂತೆಯ ದಿನ, ಹುಣಸೆ ಮರದ ಕೆಳಗೆ ಮಂದಿ ತುಂಬಿತ್ತು. ಪೊಲೀಸಪ್ಪ ಎಲ್ಲರನ್ನೂ ಆಚೆ ಕಡೆಗೆ ಸರಿಸಿದ. ಕ್ಲೀನರನನ್ನು ಕರೆತಂದು ಹಿಂದೆ, ಗಟಾರದ ಬದಿಗೆ ನಿಲ್ಲಿಸಿದರು. ಫೌಜುದಾರರು ಅವನ ಮಗ್ಗುಲಲ್ಲಿ ನಿಂತರು. ಡ್ರಮ್ಮು ಬಿಸಿಯಾಗಿತ್ತು, ಇಂಜಿನ್ನು ಸದ್ದು ಮಾಡುತ್ತಿತ್ತು. ಗೇರು ಹಾಕಿ ದನಿಗಾಗಿ ಕಾದೆ. ದನಿ ಬರಲಿಲ್ಲ.

“ಹೇಳಲೇ!” ಅಂತ ಫೌಜುದಾರರು ಅಂದದ್ದು ಕೇಳಿಸಿತು. ಕನ್ನಡಿಯಲ್ಲಿ ಕ್ಲೀನರ್ ಕಂಡ. ಅಪಘಾತವಾದಾಗಿನಿಂದ ಅವನು ಗಟ್ಟಿಯಾಗಿ ಒಂದು ಮಾತಾಡಿರಲಿಲ್ಲ. ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ನಾನು ತಲೆ ಹೊರಗೆ ಹಾಕಿದೆ. “ಹೇಳ್ರಿ. ನಾ ಅದೇನಿ ಇಲ್ಲೆ.”

“ಬರ್ರಿ,” ಅಂದ, ಗಂಟಲಲ್ಲೇ. ಬಿಟ್ಟೆ. “ಬರ್ರಿ.” ಈಗ ಕೇಳಿಸಿತು. “ಬರ್ರಿ, ಬರ್ರಿ, ಬರ್ರಿ!” ಅದೇ ಹಳೆಯ ದನಿ, ಇಂಜಿನ್ನಿನ ಸದ್ದಿನ ಮೇಲೆ ಹಾದು ಮರದ ತನಕ ಹೋಗುವ ದನಿ. ಗಾಡಿ ಹಿಂದಕ್ಕೆ ಉರುಳುತ್ತಿತ್ತು. ಕನ್ನಡಿಯಲ್ಲಿ ಫೌಜುದಾರರ ಮುಖ ಎಡಕ್ಕೆ ತಿರುಗಿದ್ದು, ಕೈ ಮೇಲೆದ್ದದ್ದು ಕಂಡಿತು. “ಏ! ನಿಲ್ಲಸು!” ಬ್ರೇಕು ಒತ್ತಿದೆ. ಗಾಡಿ ನಿಂತಿತು.

ಇಳಿದು ಹಿಂದಕ್ಕೆ ಹೋದೆ. ಡ್ರಮ್ಮಿನ ಹತ್ತಿರ ಇಬ್ಬರು ಹೆಣ್ಣುಮಕ್ಕಳು ತಲೆಯ ಮೇಲೆ ಗಂಟು ಹೊತ್ತು ನಿಂತಿದ್ದರು. ಅವರ ಹಿಂದೆ ಕೋಲೂರಿಕೊಂಡು ಒಬ್ಬ ಮುದುಕ. ಯಾವುದೋ ಹಳ್ಳಿಯಿಂದ ಸಂತೆಗೆ ಬಂದವರು, ಇಲ್ಲಿ ಏನು ನಡೆದಿದೆ ಅಂತ ಅವರಿಗೆ ಗೊತ್ತೇ ಇಲ್ಲ. ಒಬ್ಬಾಕೆ ಕೇಳಿದಳು.

“ಬರ್ರಿ ಅಂದ್ರಲ್ರಿ. ಜಾಗಾ ಐತೇನ್ರಿ?”

ಅವರನ್ನು ಪೊಲೀಸಪ್ಪ ತಡೆಯಬೇಕಿತ್ತು. ಅವನೂ ಎರಡು ಹೆಜ್ಜೆ ಮುಂದೆ ಬಂದು ನಿಂತಿದ್ದ. ಫೌಜುದಾರರು ಅವನನ್ನು ನೋಡಿದರು. “ನೀ ಯಾಕ ಬಂದ್ಯೋ?” “ಕರದಂಗ ಆತ್ರಿ ಸಾಹೇಬ್ರ,” ಅಂದ ಅವನು, ಮುಖ ಕೆಳಗೆ ಹಾಕಿ.

ಫೌಜುದಾರರು ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡರು. ಆಮೇಲೆ ಸಾಹುಕಾರರ ಕಡೆ ತಿರುಗಿದರು. “ಇದು ನಿಮ್ಮ ರಿವಾಜೇನ್ರಿ?”

ಪಾಲುದಾರರು ಬಾಯಿ ತೆರೆದರು. ಅವರಿಗಿಂತ ಮೊದಲೇ ಸಾಹುಕಾರರು ಅಂದರು, “ಹೌದ್ರಿ. ನಂದ ರಿವಾಜು. ಇವರು ನಾ ಹೇಳಿದಂಗ ಮಾಡ್ಯಾರ.”

“ಇವರು ಅಂದ್ರ?”

“ಈ ಕ್ಲೀನರ್ರು,” ಅಂದರು ಸಾಹುಕಾರರು.

ಕ್ಲೀನರನನ್ನು ಬಿಟ್ಟರು. ಪರವಾನಗಿಯೂ ಉಳಿಯಿತು, ಅಜ್ಜಿಯ ಖರ್ಚುವೆಚ್ಚ ಕಂಪನಿ ನೋಡಿಕೊಳ್ಳಬೇಕು, ಗಾಡಿ ಹಿಂದಕ್ಕೆ ತೆಗೆಯುವ ಪದ್ಧತಿ ಬದಲಿಸಬೇಕು ಅನ್ನುವ ಕರಾರಿನ ಮೇಲೆ. ಪಾಲುದಾರರು ತಮ್ಮ ಪಾಲು ತೆಗೆದುಕೊಂಡು ಹೊರಗೆ ಬಿದ್ದರು. ಅವರು ಹೋದದ್ದಕ್ಕೆ ನನಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಠಾಣೆಯಲ್ಲಿ ಬಂದ ಸಿಟ್ಟು ಅವತ್ತೇ ಇಳಿದು, ಮತ್ತೆ ಜೋಮೇ ಉಳಿದಿತ್ತು.

ಪದ್ಧತಿ ಬದಲಿಸುವುದು ಅಂದಷ್ಟು ಸುಲಭವಾಗಲಿಲ್ಲ. ಸೀಟಿ ಊದಿ ನೋಡಿದೆವು. ಕಂಡಕ್ಟರನ ಸೀಟಿಯೂ ಇದೂ ಒಂದೇ ಕೇಳಿ, ಗಾಡಿ ಹೊರಟಿತು ಅಂತ ಮಂದಿ ಓಡಿ ಬಂದರು. ತಗಡು ಬಡಿದು ನೋಡಿದೆವು. ಹಾಳು ರಸ್ತೆಯಲ್ಲಿ ಆ ಗಾಡಿಯ ತಗಡು ತನ್ನಷ್ಟಕ್ಕೆ ತಾನೇ ಬಡಿದುಕೊಳ್ಳುತ್ತಿತ್ತು, ಯಾವುದು ಯಾವುದೆಂದು ತಿಳಿಯಲಿಲ್ಲ. ‘ಹಿಂದಕ್ಕ’ ಅಂದರೆ ಹಿಂದೆ ಇರುವವರು ಹಿಂದಕ್ಕೆ ಸರಿಯುತ್ತಾರೆ, ಅದು ಚಲೋ ಅಂದುಕೊಂಡೆವು. ಆದರೆ ಇಂಜಿನ್ನಿನ ಸದ್ದಿನಲ್ಲಿ ಆ ಮಾತು ನನಗೆ ಮುಟ್ಟುತ್ತಲೇ ಇರಲಿಲ್ಲ. ಕಡೆಗೆ ನಾನೇ ಹೇಳಿದೆ, “ಎಲ್ಲಾರಂಗ ಬಾ ಅನ್ನಲಿ ಬಿಡ್ರಿ ಸಾಹುಕಾರ್ರ. ನನಗೇನೂ ಬ್ಯಾಸರಿಲ್ಲ.” ಸಾಹುಕಾರರು ಕ್ಲೀನರನನ್ನು ನೋಡಿದರು. ಅವನು ನೆಲ ನೋಡಿದ. “ನನ್ನ ಬಾಯಾಗ ಬರಂಗಿಲ್ರಿ,” ಅಂದ.

ಮೂವರೂ ಅಡತಿ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದೆವು. ಒಳಗೆ ಜೋಳದ ಚೀಲ ತೂಗುತ್ತಿದ್ದರು. ಒಂದು ಚೀಲ ಇಳಿದ ಕೂಡಲೇ ತೂಗುವವನು ಒಳಗಿನಿಂದ ಕೂಗುತ್ತಿದ್ದ, “ಬರ್ಲಿ!” ಹಮಾಲ ಮುಂದಿನ ಚೀಲ ತರುತ್ತಿದ್ದ. “ಬರ್ಲಿ!” ಇನ್ನೊಂದು. ದಿನಾ ಕೇಳುವ ಮಾತು, ಸಾಹುಕಾರರು ಹುಟ್ಟಿದಾಗಿನಿಂದ ಕೇಳಿದ ಮಾತು. ಅವರು ನನ್ನ ಮುಖ ನೋಡಿದರು, ನಾನು ಕ್ಲೀನರನ ಮುಖ ನೋಡಿದೆ. ಚೀಲಕ್ಕೆ ರಿ ಬೇಕಿಲ್ಲ, ಲೇ ಬೇಕಿಲ್ಲ. ಕೂಗಿದ್ದು ಹಮಾಲನಿಗೂ ಅಲ್ಲ, ಚೀಲಕ್ಕೆ.

“ಗಾಡಿಗೆ ಹೇಳಿದಂಗಾತು,” ಅಂದೆ ನಾನು. “ನನಗೂ ಅಲ್ಲ, ಮಂದಿಗೂ ಅಲ್ಲ.”

ಕ್ಲೀನರ್ ಬಾಯಲ್ಲೇ ಒಂದೆರಡು ಸಲ ಅಂದು ನೋಡಿದ. “ಬರ್ಲಿ. ಬರ್ಲಿ.” ಆಮೇಲೆ ಎದ್ದು ಗಾಡಿಯ ಹಿಂದಕ್ಕೆ ಹೋದ. ಈಗ ಎಡಗಡೆ ನಿಂತ. ಹಾನಗಲ್ಲಿನ ಗಟಾರಕ್ಕೆ ಚಕ್ರ ಬಿದ್ದರೆ ಬೀಳಲಿ ಅಂತ ಸಾಹುಕಾರರೇ ಹೇಳಿದ್ದರು.

ಅಲ್ಲಿಂದ ಮುಂದೆ ಆ ದಾರಿಯ ಮೇಲೆ ಎಲ್ಲರೂ ಅದನ್ನೇ ಹಿಡಿದರು. ನಮ್ಮನ್ನು ನೋಡಿ ಕಲಿತರು ಅಂತ ನಾನು ಹೇಳುವುದಿಲ್ಲ, ಬೇರೆ ಕಡೆಗೂ ಇದ್ದಿರಬಹುದು. ಮಂದಿಗೆ ಬರ್ರಿ, ಗಾಡಿಗೆ ಬರ್ಲಿ. ನಮ್ಮ ಕಂಪನಿಯಲ್ಲಿ ಅದು ಗಟ್ಟಿಯಾಗಿ ನಿಂತಿತು. ಆದರೂ ಕ್ಲೀನರ್ ಗಾಡಿಯ ಹತ್ತಿರ ಯಾರಿಗೂ ಬರ್ರಿ ಅನ್ನುವುದನ್ನು ಪೂರಾ ಬಿಟ್ಟುಬಿಟ್ಟ. ಗಿರಾಕಿಗಳಿಗೆ ಕೈ ಮುಗಿಯುತ್ತಿದ್ದ, ಗಂಟು ಎತ್ತಿ ಕೊಡುತ್ತಿದ್ದ, ಮಾತಿಲ್ಲ. ಮಂದಿಯನ್ನು ಕೂಗಿ ಕರೆಯುವ ಕೆಲಸ ಕಂಡಕ್ಟರ್ ವಹಿಸಿಕೊಂಡ. ಅವನಿಗೆ ಅಷ್ಟರಲ್ಲಿ ರಿ ನೆಟ್ಟಗೆ ಬರುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಎಲಿ ಅಜ್ಜಿ ಮತ್ತೆ ಬಂದಳು. ಕಂಕುಳಲ್ಲಿ ಕೋಲು, ಬುಟ್ಟಿ ಮೊದಲಿನದಕ್ಕಿಂತ ಸಣ್ಣದು. ಹುಣಸೆ ಮರದ ಬುಡಕ್ಕೆ ಕುಳಿತಳು. ನಾನು ಗಾಡಿಯನ್ನು ಓಣಿಗೆ ಬಿಟ್ಟು, ತಿರುಗಿಸಿ, ತಂದು ನಿಲ್ಲಿಸಿದೆ. ಆಕೆ ಎಲ್ಲವನ್ನೂ ನೋಡುತ್ತಾ ಕುಳಿತಿದ್ದಳು. ಇಂಜಿನ್ನು ಬಂದ್ ಮಾಡಿದೆ. ಕ್ಲೀನರ್ ಆಕೆಯ ಮುಂದೆ ಹೋಗಿ ಕೈ ಮುಗಿದು ನಿಂತ.

“ಯಾಕಪ್ಪಾ,” ಅಂದಳು ಅಜ್ಜಿ, “ನೀ ಬರ್ಲಿ ಬರ್ಲಿ ಅನ್ನೂದ ಕೇಳ್ದೆ. ಗಾಡಿಗೆ ಕರದಿ. ನನಗ ಇನ್ನ ಯಾರೂ ಕರಿಯಂಗಿಲ್ಲೇನು?”

ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅವನು ಬಾಗಿ ಬುಟ್ಟಿ ತೆಗೆದುಕೊಂಡ, ಇನ್ನೊಂದು ಕೈಯನ್ನು ಆಕೆಯ ಮುಂದೆ ಚಾಚಿದ.

“ಬರ್ರಿ ಅವ್ವಾರ,” ಅಂದ. “ಬರ್ರಿ.”

ಆಕೆ ಕೋಲೂರಿ ಎದ್ದಳು. ಇಬ್ಬರೂ ನಿಧಾನವಾಗಿ ಗಾಡಿಯ ಹಿಂದಿನಿಂದ ಬಾಗಿಲ ಕಡೆಗೆ ನಡೆದರು. ನಾನು ಕೆಳಗೆ ನೋಡಿದೆ. ಇಂಜಿನ್ನು ಬಂದಾಗಿತ್ತು, ಗಾಡಿ ನಿಂತೇ ಇತ್ತು, ಆದರೂ ನನ್ನ ಕಾಲು ಬ್ರೇಕನ್ನು ನೆಲ ಮುಟ್ಟುವ ತನಕ ಒತ್ತಿ ಹಿಡಿದಿತ್ತು. ಆಕೆ ಒಳಗೆ ಬಂದು ಕೂರುವ ತನಕ ಅದನ್ನು ತೆಗೆಯಲು ನನ್ನಿಂದ ಆಗಲಿಲ್ಲ.